ನಳಾ ಕೀಳ್ಲಾಕ ಬಂದವರು ಕುಂತು ಕಾಯ್ದರು

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗದು ಥಂಡಿ ಬೀಳ್ಲಾಕ ಶುರು ಆಗಿತ್ತು. ನಾನು ಮನ್ಯಾಗ ಕುಂತು ಬ್ಲೌಸ್ ಹೊಲಿಯೋ ಹೆಣಮಗಳು. ಜತ್ತ ತಾಲೂಕಿನ ತಿಕೋಂಡಿ ನನ್ನ ತವರಮನಿ. ಲಗ್ನ ಆಗಿ ಜತ್ತ ಪ್ಯಾಟಿಗಿ ಬಂದೆ, ಈಗ ಶೇಗಾಂವ ರಸ್ತೆದ ಕಡೆ ಹೊಸ ಪ್ಲಾಟಿನ್ಯಾಗ ಮನಿ ಕಟಗೊಂಡೇವಿ. ನನಗ ಸಿಟ್ಟು ಲಗೂನ ಬರ್ತದ. ಇದನ್ನ ಮೊದಲಽ ಹೇಳಿಬಿಡ್ತೀನಿ, ಯಾಕಂದ್ರ ಮುಂದ ಓದೂವಾಗ ನಿಮಗ ಹೆಂಗೂ ಗೊತ್ತಾಗ್ತದ.

ನಮ್ಮ ಗಲ್ಲಿ ತುದೀಗಿ ಒಂದು ಸಾರ್ವಜನಿಕ ನಳ ಇತ್ತು. ಪ್ಲಾಟ್ ಬೀಳೂಕಿಂತ ಮೊದಲಿಂದು. ಆಮ್ಯಾಲ ಎಲ್ಲಾರೂ ಮನಿ ಕಟ್ಟಿದ್ರು, ಮನಿಮನಿಗಿ ನಳ ಬಂತು, ಈ ನಳದ ಕಡೆ ಯಾರೂ ನೋಡದಂಗ ಆತು. ಅದರ ತಿರುವೂ ಚಾವಿ ಮುರದು ಎಷ್ಟೋ ದಿನ ಆಗಿತ್ತು, ಒಂದು ಚಿಂದಿ ಸುತ್ತಿ ಬಿಟ್ಟಿದ್ರು. ನಮ್ಮಲ್ಲಿ ನೀರು ದಿನಾ ಬರೂದಿಲ್ಲ. ಬಂದ ದಿನ ಮಾತ್ರ ಆ ಚಿಂದಿ ದಾಟಿ ಗಲ್ಲಿ ತುಂಬ ಹರದು ರಾಡಿ ಮಾಡಿ ಇಡ್ತಿತ್ತು. ಅದನ್ನ ನಂಬಿದವರು ಅಂದ್ರ ಅಲ್ಲೇ ಹಿಂದಿನ ತಗಡಿನ ಪತ್ರಾದ ಖೋಲಿಯೊಳಗ ಬಾಡಿಗಿಗಿ ಇದ್ದ ಮಂದಿ ಅಷ್ಟ. ಆ ಖೋಲಿಗಳಿಗಿ ನಳ ಇಲ್ಲ, ಮಾಲಕ ಹಾಕಿಸಿ ಕೊಡೂದೂ ಇಲ್ಲ.

ಆ ಖೋಲಿಯೊಳಗ ಮಾಯವ್ವ ಅಂತ ಒಬ್ಬಾಕಿ ಇದ್ಳು. ಸನಮಡಿ ಕಡೀದಾಕಿ, ಕುರಿ ಸಾಕೋ ಮಂದಿ. ಗಂಡ, ದೊಡ್ಡ ಮಗ ಇಬ್ರೂ ಕುರಿ ಹೊಡಕೊಂಡು ಊರೂರು ತಿರಗತಿದ್ರು. ಈಕಿ ಖೋಲ್ಯಾಗ ಕುಂತು ಉಣ್ಣಿ ನೂಲತಿದ್ಳು, ಕೆಲಸ ಸಿಕ್ಕ ದಿನ ಕಟ್ಟಡದ ಕೆಲಸಕ್ಕ ಹೋಗತಿದ್ಳು. ಮಗಳು ಲಗಮವ್ವ ಹಡೀಲಾಕ ತಾಯಿ ಕಡೆ ಬಂದಿದ್ಳು. ಗಂಡುಕೂಸು ಆಗಿತ್ತು. ಪ್ಯಾಟಿಯೊಳಗ ದವಾಖಾನಿ ಹತ್ರ ಅದ ಅಂತನ ಇವರು ಆ ಖೋಲಿ ಹಿಡದಿದ್ರು.

ನಳದ ಎದುರಿಗಿ ಶಿವಪುತ್ರಣ್ಣನ ಮನಿ. ಕಿರಾಣಿ ಅಂಗಡಿ ಅದ ಅವಂದು. ದಿನಾ ಮುಂಜಾನೆ ವಿಭೂತಿ ಹಚಗೊಂಡು, ಲಿಂಗಪೂಜಿ ಮಾಡೇ ಅಂಗಡಿಗಿ ಹೋಗಾಂವ. ಮನಶ್ಯಾ ಕೆಟ್ಟವ ಅಲ್ಲ. ಶ್ರಾವಣದಾಗ ಅವನ ತಾಯಿ ಗುರವ್ವಾಯಿ ಗುಡಿಗಿ ಅಂತ ಹೊಂಟಾಕಿ ನಳದ ರಾಡಿಯೊಳಗ ಕಾಲು ಜಾರಿ ಬಿದ್ಳು. ಟೊಂಕದ ಎಲವು ಮುರೀತು. ಮಿರಜಕ್ಕ ಒಯ್ದು ಆಪರೇಶನ್ ಮಾಡಿಸಿದ್ರು. ವಾಪಸ್ ಬಂದಾಕಿ ಹಾಸಿಗಿ ಹಿಡದ್ಳು. ಅವತ್ತಿಂದ ಶಿವಪುತ್ರಣ್ಣಗ ಆ ನಳ ಕಂಡ್ರ ಮೈಯೆಲ್ಲ ಉರೀತಿತ್ತು. ಊರಿಗಿ ನೀರು ಬಿಡೂ ಕಚೇರಿಗಿ ತಕ್ರಾರ ಅರ್ಜ ಕೊಟ್ಟ. ಗಲ್ಲಿಯವರೂ ಹೂಂ ಅಂದ್ರು. ರಾಡಿ ಯಾರಿಗಿ ಬೇಕ್ರಿ?

ಒಂದಿನ ಕಚೇರಿಯವರು ಬಂದು ನಳದ ಪೈಪಿಗಿ ಕೆಂಪು ಬಣ್ಣದ್ಲೆ ಗುರ್ತು ಹಾಕಿದ್ರು. "ಇನ್ನೊಂದು ವಾರದಾಗ ಬಂದು ಕಿತ್ತು ಸಿಮೆಂಟ್ ಬಡದು ಬಂದ್ ಮಾಡ್ತೀವಿ" ಅಂತ ಹೇಳಿ ಹೋದ್ರು.

ಅವತ್ತ ಮಧ್ಯಾಹ್ನ ಮಾಯವ್ವ ನನ್ನ ಬಾಗಲಿಗಿ ಬಂದ್ಳು. ಒಳಗ ಬಾ ಅಂದ್ರ ಬರಲಿಲ್ಲ, ಹೊಸ್ತಲ ಹೊರಗ ಕುಂತ್ಳು.

"ಅಕ್ಕಾರ, ನಳಾ ಇಡಸ್ರಿ ಅಂತ ನಾ ಕೇಳಂಗಿಲ್ಲ" ಅಂದ್ಳು. "ಆಯಿ ಬಿದ್ದಾಳ, ಅವ್ರ ಮಗನ ಸಿಟ್ಟು ಖರೇನ ಅದ. ಕೂಸಿಗಿ ತಿಂಗಳು ತುಂಬಿದ ಮ್ಯಾಲ ಬರೂ ಸೋಮವಾರ ಮಗಳ ಗಂಗೀಪೂಜಿ ಅದ, ಅದು ಆಗೂ ತನಕ ಅಷ್ಟ ಬಿಡ್ರಿ ಅಂತ ಹೇಳ್ರಿ. ಆಮ್ಯಾಲ ನಾವು ಖೋಲಿ ಬಿಟ್ಟು ಹೋಗ್ತೀವಿ. ನೀರಿಲ್ಲಂದ ಮ್ಯಾಲ ಹಸಿ ಬಾಣಂತಿ, ಕೂಸು ಇಟಗೊಂಡು ಇಲ್ಲಿ ಹೆಂಗ ಇರೂದ್ರಿ?"

ಗಂಗೀಪೂಜಿ ಅಂದ್ರ ಹೊಸಬರಿಗಿ ಹೇಳಬೇಕು. ಹಡದ ಹೆಣಮಗಳು ನೀರು ಇದ್ದಲ್ಲಿ ಹೋಗಿ, ಐದು ಕಲ್ಲು ತೊಳದು ಇಟ್ಟು, ಪೂಜಿ ಮಾಡಿ, ಕೊಡ ತುಂಬಿ ಹೊತಗೊಂಡು ಬರಬೇಕು. ಅಲ್ಲೀ ತನಕ ಆಕಿ ಮನಿ ನೀರು ಮುಟ್ಟೂಹಂಗಿಲ್ಲ, ಒಲಿ ಮುಂದ ಹೋಗೂಹಂಗಿಲ್ಲ. ಮೊದಲೆಲ್ಲ ಬಾವಿಗಿ ಹೋಗತಿದ್ರು. ಈಗ ಪ್ಯಾಟ್ಯಾಗಿನ ಬಾವಿಗಿ ಕಬ್ಬಣದ ಜಾಳಗಿ ಹಾಕಿ ಮುಚ್ಚ್ಯಾರ. ಅದಕ್ಕ ನಮ್ಮ ಕಡೆ ಹೆಣಮಕ್ಕಳು ನಳಕ್ಕಽ ಗಂಗೀ ಅಂತ ಕೈ ಮುಗೀತಾರ. ಮನಿಯೊಳಗಿನ ನಳ ನಡ್ಯೂದಿಲ್ಲ. ಹೊರಗ ಹೋಗಿ ಹೊತಗೊಂಡೇ ಬರಬೇಕು.

ನಾನು ನನ್ನ ಶ್ಯಾಣ್ಯಾತನ ತೋರಿಸಿದೆ. "ಅದಕ್ಕ್ಯಾಕ ಇಷ್ಟು ಚಿಂತಿ? ನಾಳೇನ ಪೂಜಿ ಮಾಡಿ ಮುಗಸಬಿಡು" ಅಂದೆ.

ಮಾಯವ್ವ ನನ್ನ ಮಾರಿ ನೋಡಿದ್ಳು. "ಇನ್ನಾ ಹಸಿ ಮೈ ಅದರಿ ಆಕೀದು. ಈ ಥಂಡ್ಯಾಗ ಹೊರಗ ತರಲೇನ್ರಿ? ನಳಾ ಹೋದ್ರ ಹೋಗ್ಲಿ, ಮಗಳ ಮೈಯಾಗ ಥಂಡಿ ಹೋಗಬಾರದು" ಅಂದ್ಳು.

ಆಕಿ ಎದ್ದು ಹೋದ ಮ್ಯಾಲ ನನಗ ಮಷಿನ್ ಮ್ಯಾಲ ಕೂಡ್ಲಾಕ ಆಗಲಿಲ್ಲ. ಏನರೀ ಇದು! ಒಂದು ಬಾಣಂತಿ ನೀರಿಗಾಗಿ ಖೋಲಿ ಖಾಲಿ ಮಾಡಬೇಕು, ನಾವು ನಮ್ಮ ನಮ್ಮ ನಳದ ಕೆಳಗ ಬಕೆಟ್ ಇಟ್ಟು ನೋಡಕೋಂತ ಕೂಡಬೇಕು? ಎದ್ದೆ. ಗಲ್ಲಿಯೊಳಗ ಮನಿ ಮನಿಗಿ ಹೋದೆ. "ನಿನ್ನ ಮನ್ಯಾಗ ನಳ ಅದಲ್ಲವಾ, ನಿಂಗ್ಯಾಕ ಬೇಕು ಈ ಉಸಾಬರಿ?" ಅಂತ ಎಲ್ಲಾರೂ ಒಂದಽ ರಾಗ ಎಳದ್ರು. ನಮ್ಮ ಮನಿಯವ್ರು ಬಸ್ ಡೇಪೋದಾಗ ಕೆಲಸ ಮಾಡ್ತಾರ, ಭಾಳ ಸಮಾಧಾನದ ಮನಶ್ಯಾ. ಅವರೂ "ಹೊಲಿಯೂದು ಬಿಟ್ಟು ಹರಿಯೂ ಕೆಲಸಕ್ಕ ನಿಂತಿ ನೋಡು" ಅಂದ್ರು.

ಶಿವಪುತ್ರಣ್ಣನ ಅಂಗಡಿಗೂ ಹೋದೆ. ಗಿರಾಕಿ ಇದ್ರು, ಆದ್ರೂ ಬಿಡಲಿಲ್ಲ. "ಅಣ್ಣಾ, ಸ್ವಲ್ಪ ದಿನ ತಡಕೋ" ಅಂದೆ. ಅಂವ ತಕ್ಕಡಿ ಕೆಳಗ ಇಟ್ಟ.

"ಅಕ್ಕಾ, ನಿಮ್ಮವ್ವ ಬಿದ್ದಿದ್ರ ತಡಕೋತಿದ್ದೇನು? ದಿನಾ ಆಕೀನ್ನ ಹೊಳ್ಳಸಿ ಮಲಗಸಾಂವ ನಾನು. ನಿನಗೇನ ಗೊತ್ತು?"

ಸಿಟ್ಟು ಬಂತು, ಆದ್ರ ಯಾರ ಮ್ಯಾಲ ಅಂತ ತಿಳೀಲಿಲ್ಲ. ಆ ಸಿಟ್ಟಿನ ಮ್ಯಾಲನ ಮರದಿನ ಕಚೇರಿಗಿ ಹೋದೆ.

ಸಾಹೇಬರು ಮೀಟಿಂಗದಾಗ ಅದಾರ ಅಂದ್ರು. ಮತ್ತೊಂದಿನ ಹೋದ್ರ ಸಾಂಗಲಿಗಿ ಹೋಗ್ಯಾರ ಅಂದ್ರು. ನಾನೇನ ಬಿಡಾಕಿನ್ರಿ? ಹೆಂಗೂ ಲಗ್ನದ ಸೀಜನ್, ಹುಕ್ಕು ಹಚ್ಚೂವು, ಕೈಹೊಲಿಗಿ ಹಾಕೂವು ಒಂದು ರಾಶಿ ಬಿದ್ದಿದ್ವು. ಪಿಶವಿಯೊಳಗ ಬ್ಲೌಸ್ ತುಂಬಕೊಂಡು ಹೋಗಿ, ಸಾಹೇಬರ ಖೋಲಿ ಹೊರಗಿನ ಬಾಕಿನ ಮ್ಯಾಲ ಕುಂತು ಹುಕ್ಕು ಹಚ್ಚಲಾಕ ಶುರು ಮಾಡಿದೆ.

ಸಿಪಾಯಿ ಬಂದ. "ಬಾಯಿ, ಇದು ಆಫೀಸ್ ಅದ, ಟೇಲರ್ ದುಕಾನ ಅಲ್ಲ."

"ನಿಮ್ಮ ಸಾಹೇಬರು ಭೆಟ್ಟಿ ಆದ್ರ ದುಕಾನ ಎತ್ತತೀನಪಾ."

ಅಂವ ತಲಿ ಕೆರಕೊಂಡು ಹೋದ. ಬಂದು ಹೋಗೂ ಮಂದಿ ನನ್ನ ನೋಡಿ ನಗಲಾಕ ಹತ್ತಿದ್ರು. ಒಬ್ಬಾಕಿ ಅಂತೂ ಅಲ್ಲೇ ನಿಂತು ತೋಳಿನ ಅಳತಿ ಕೊಟ್ಟು ಹೋದ್ಳು! ಕಡೀಕ ಸಾಹೇಬರು ಬಾಗಲದಾಗಿಂದ ಹಣಿಕಿ ಹಾಕಿ ಒಳಗ ಕರದ್ರು.

ಸಾಹೇಬರು ಸಣ್ಣ ವಯಸ್ಸಿನವರು, ಮರಾಠಿ ಮಂದಿ. "ಬೋಲಾ ತಾಈ", ಹೇಳ್ರಿ ಅಕ್ಕಾ, ಅಂದ್ರು. ಗಿರಾಕಿ ಕೂಡ ಮಾತಾಡಿ ಮಾತಾಡಿ ನನ್ನ ಮರಾಠೀನೂ ಕತ್ರಿಗತೆ ನಡೀತದ. ಎಲ್ಲಾ ಹೇಳಿದೆ. ಅವರು ಪೂರಾ ಕೇಳಿದ್ರು, ಸುಳ್ಳ್ಯಾಕ ಹೇಳ್ಲಿ.

"ತಾಈ, ಒಬ್ರು ಬಿದ್ದು ಹಾಸಿಗಿ ಹಿಡದಾರ. ನಾಳೆ ಮತ್ತೊಬ್ರು ಬಿದ್ರ ಯಾರನ್ನ ಕೇಳೂದು? ನನ್ನನ್ನ ಕೇಳ್ತಾರ" ಅಂದ್ರು. "ಅಲ್ಲದ, ನಳಕ್ಕ ಏನು ಪೂಜಿ?"

"ಸಾಹೇಬರ, ನಿಮ್ಮ ತಾಯಿನೂ ನಿಮ್ಮನ್ನ ಹಡದು, ನೀರಿಗಿ ಪೂಜಿ ಮಾಡೇ ಮನ್ಯಾಗ ಕೊಡ ಇಳಿಸಿರಬೇಕು. ಇವತ್ತ ಮನಿಗಿ ಹೋಗಿ ಕೇಳ್ರಿ. ಕೂಸುಗೋಳು ಬೀಳಬಾರದು ಅಂತ ಬಾವಿಗಿ ಜಾಳಗಿ ಹಾಕೀರಿ, ಬರೋಬರಿ. ಈ ಹುಡಿಗಿ ಗಂಗೀನ್ನ ಎಲ್ಲಿಂದ ತರಬೇಕು?"

ಸಾಹೇಬರು ನಕ್ಕುಬಿಟ್ರು. ಆಮ್ಯಾಲ ಕ್ಯಾಲೆಂಡರ್ ನೋಡಿದ್ರು. ಮಾಯವ್ವ ಹೇಳಿದ ಸೋಮವಾರ ಯಾವುದು ಅಂತ ನಾನು ಬೊಟ್ಟು ಇಟ್ಟು ತೋರಿಸಿದೆ. ಅವತ್ತ ಮುಂಜಾನೆ ನಮ್ಮ ಕಡೆ ನೀರು ಬಿಡಸ್ತೀನಿ ಅಂದ್ರು. ನಾನು ಖುಷಿಲೆ ಏಳ್ಲಾಕ ಹತ್ತಿದ್ದೆ, ಅಷ್ಟರಾಗ, "ಒಂದು ಮಾತು. ಪೂಜಿ ಮುಗದ ಮ್ಯಾಲ ನಮ್ಮ ಮಂದಿ ಕೆಲಸಾ ಮಾಡ್ತಾರ. ನೀವು ಅಡ್ಡ ಬರಬಾರದು. ಶಬ್ದ ಕೊಡ್ರಿ" ಅಂದ್ರು.

ಮಾತು ಕೊಟ್ಟೆ. ಏನು ಮಾಡ್ಲಿ? ಅವರು ನನ್ನ ಮಾತು ಕೇಳಿದ್ರು, ನಾನೂ ಅವರದು ಕೇಳಬೇಕಾತು. ಹಾದಿಗುಂಟ ನನ್ನ ನಾಲಿಗೀಗಿ ನಾನಽ ಬೈಕೋತ ಬಂದೆ. ನಳ ಉಳಸಬೇಕು ಅಂತ ಹೋದಾಕಿ, ಕೀಳೋ ದಿನ ಗೊತ್ತು ಮಾಡಿ ಬಂದಿದ್ದೆ!

ಆ ಸೋಮವಾರ ಬಂತು. ಹೊತ್ತು ಏರಿ ಎಳಿ ಬಿಸಲು ಬಿದ್ದಿತ್ತು. ನಳಕ್ಕ ನೀರು ಬಂತು, ಹೇಳಿದಂಗ. ಕಚೇರಿ ಮಂದಿನೂ ಬಂದ್ರು, ಹೇಳಿದಂಗ. ಇಬ್ಬರು ಗಂಡಸರು, ಕೈಗಾಡ್ಯಾಗ ಉಸುಕು, ಸಿಮೆಂಟು, ಸಲಿಕಿ, ನಳ ತಿರುವಿ ಬಿಚ್ಚಲಾಕ ಒಂದು ದೊಡ್ಡ ಪಾನಾ. ಪೂಜಿ ಇನ್ನಾ ಶುರು ಆಗಿರಲಿಲ್ಲ. ಹಿರೇ ಮನಶ್ಯಾ, ಗಣಪತಿ ಅಂತ ಅವನ ಹೆಸರು, "ಮುಗಸರಿ ಅಕ್ಕಾರ, ಅಲ್ಲೀ ತನಕ ಕುಂದರ್ತೀವಿ" ಅಂದು ನಮ್ಮ ಗ್ವಾಡಿ ನೆರಳಿಗಿ ಕುಂತ. ಖಾಲಿ ಯಾಕ ಕೂಡೂದು ಅಂತ ಆ ಇನ್ನೊಬ್ಬ ಸಿಮೆಂಟ್ ಕಲಸಲಾಕ ಹತ್ತಿದ. ಹೊಟ್ಟಿ ಉರಕೊಂಡೇ ಇಬ್ಬರಿಗೂ ಚಹಾ ಕೊಟ್ಟೆ. ಮನಿ ಮುಂದ ಕುಂತವರಿಗಿ ಚಹಾ ಕೊಡದ ಇರ್ಲಾಕ ಬರ್ತದೇನ್ರಿ?

ಲಗಮವ್ವ ಬಂದ್ಳು. ತಲಿಗಿ ಬಟ್ಟಿ ಬಿಗದು, ಮ್ಯಾಲ ಕಂಬಳಿ ಹೊದ್ದು, ಕೈಯಾಗ ಹಿತ್ತಾಳಿ ಕೊಡ. ಕೂಸು ಮಾಯವ್ವನ ಹೆಗಲ ಮ್ಯಾಲ ಇತ್ತು, ಕುಂಚಿಗಿ ಒಳಗಿಂದ ಬರೇ ಮೂಗು ಕಾಣತಿತ್ತು. ಖೋಲಿ ಹೆಣಮಕ್ಕಳು ಎಲ್ಲಾರೂ ಕೂಡಿದ್ರು, ನಾನೂ ನಿಂತಿದ್ದೆ. ಐದು ಕಲ್ಲು ತೊಳದು ಸಾಲಾಗಿ ಇಟ್ಟು ಭಂಡಾರ, ಕುಂಕುಮ ಹಚ್ಚಿದ್ಳು. ಎಲಿ ಅಡಿಕಿ, ಉತ್ತತ್ತಿ, ಕುದಿಸಿದ ಕಡ್ಲಿಕಾಳು ಇಟ್ಟು ಹಸರು ಖಣ ಏರಿಸಿದ್ಳು. ನಳಕ್ಕೂ ಭಂಡಾರ ಹಚ್ಚಿದ್ಳು, ಆ ಕೆಂಪು ಗುರ್ತಿನ ಮ್ಯಾಲನ. ಗಣಪತಿ ಕಾಲಾಗಿನ ಚಪ್ಪಲಿ ಬಿಟ್ಟು ಎದ್ದು ನಿಂತು ಕೈ ಮುಗದ. ಪಾನಾ ಬಗಲಾಗಽ ಇತ್ತು.

ಕೊಡ ತುಂಬಿತು. ಲಗಮವ್ವ ಟೊಂಕದ ಮ್ಯಾಲ ಇಟಗೊಂಡ್ಳು. ಗಣಪತಿ ನನ್ನ ಕಡೆ ನೋಡಿ, "ಮುಗೀತೇನ್ರಿ?" ಅಂದ. ನಳ ಹಿಡಕೊಂಡು ಕುಂತಬಿಡ್ಲಿ ಅನಸಿತು, ಖರೇ ಹೇಳ್ತೀನಿ. ಆದ್ರ ಶಬ್ದ ಕೊಟ್ಟಿದ್ದೆ. "ಮುಗೀತಪಾ" ಅಂದು ಮಾರಿ ತಿರುವಿದೆ. ಕಣ್ಣಾಗ ನೀರು ಬಂದಿದ್ವು, ಅವನಿಗಿ ತೋರಿಸಬಾರದಿತ್ತು.

ಮಾಯವ್ವ ಮಗಳನ್ನ ಕರಕೊಂಡು ಖೋಲಿ ಕಡೆ ಹೋಗಲಿಲ್ಲ. ಸೀದಾ ಶಿವಪುತ್ರಣ್ಣನ ಬಾಗಲಿಗಿ ಹೋದ್ಳು. ಅಂವ ಅಂಗಡಿಗಿ ಹೋಗಲಾರದ, ನಳ ಕೀಳೂದು ನೋಡ್ಲಾಕ ಅಂತನ ಬಾಗಲಾಗ ಕೈ ಕಟಗೊಂಡು ನಿಂತಿದ್ದ.

"ಅಣ್ಣಾರ, ಮೊದಲ ಕೊಡ ಆಯಿಗಿ ಅಂತ ತಂದೀವ್ರಿ" ಅಂದ್ಳು ಮಾಯವ್ವ. "ನಾವು ತುಂಬೂ ನಳದ ನೀರಿಗಿ ಆಯಿ ಬಿದ್ಳು. ಆಕಿ ಕಾಲ ಮ್ಯಾಲ ಈ ಗಂಗೀ ಹಾಕಿ, ಕೈ ಮುಗದು ಹೋಗ್ತೀವಿ. ನಾಳೆ ನಾವು ಇರಂಗಿಲ್ಲ."

ಶಿವಪುತ್ರಣ್ಣ ಏನೋ ಅನ್ನಾಂವ ಇದ್ದ. ಆದ್ರ ತುಂಬಿದ ಕೊಡ ಹೊತ್ತ ಬಾಣಂತೀನ್ನ ಹೊಸ್ತಲದಾಗಿಂದ ಹಿಂದಕ ಕಳಸೂ ಧೈರ್ಯ ಯಾರಿಗದ? ಸುಮ್ಮ ಬಾಜೂ ಸರದ. ಅವರ ಹಿಂದ ನಾನೂ ಹೊಕ್ಕೆ.

ಗುರವ್ವಾಯಿ ನಳದ ಕಡೀ ಖೋಲ್ಯಾಗ ಮಲಗಿದ್ಳು. ಸೊಳ್ಳಿ ಬರ್ತಾವಂತ ಕಿಡಕಿ ಮುಚ್ಚಿದ್ರು. ಎಷ್ಟು ಸಣ್ಣ ಆಗಿದ್ಳು! ಆಕಿ ಬಿದ್ದ ಮ್ಯಾಲ ನಾನು ಒಮ್ಮಿನೂ ನೋಡ್ಲಾಕ ಹೋಗಿರಲಿಲ್ಲ, ಗಲ್ಲಿಯೊಳಗ ಯಾರೂ ಹೋಗಿರಲಿಲ್ಲ. ಶಿವಪುತ್ರಣ್ಣನ ಸಿಟ್ಟಿನ ಮಾರಿ ನೋಡಿ ಎಲ್ಲಾರೂ ಹೊರಗಿಂದ ಹೊರಗಽ ದಾಟತಿದ್ವಿ. ಲಗಮವ್ವ ಆಕಿ ಕಾಲಿಗಿ ನೀರು ಹಚ್ಚಿ ಒರಸಿದ್ಳು. ಮಾಯವ್ವ ಕೂಸಿನ್ನ ಆಕಿ ಮಗ್ಗಲದಾಗ ಮಲಗಿಸಿದ್ಳು. ಆಯಿ ಕೂಸಿನ ಗಲ್ಲ ಮುಟ್ಟಿದ್ಳು.

"ಎಲ್ಲಿ ಹೊಂಟೀರೇ ನೀವು?" ಅಂತ ಕೇಳಿದ್ಳು.

"ನಳಾ ಕೀಳ್ತಾರಲ್ರಿ ಆಯಿ, ಖೋಲಿ ಬಿಡ್ತೀವಿ."

"ಯಾರು ಕೀಳ್ತಾರ?"

ಶಿವಪುತ್ರಣ್ಣಗ ಅಂಜಿ ಆ ಕಿಡಕಿ ಹತ್ರ ಯಾರೂ ಈ ಮಾತು ಎತ್ತಿರಲಿಲ್ಲ. ಆಕಿಗಿ ಏನೂ ಗೊತ್ತಿರಲಿಲ್ಲ. ಶಿವಪುತ್ರಣ್ಣ ಬಾಗಲಾಗಿಂದ, "ನಾನಽ ತಕ್ರಾರ ಕೊಟ್ಟೀನಿ ಅವ್ವಾ. ನಿನ್ನ ಸಲುವಾಗಿ" ಅಂದ.

ಮುದುಕಿ ತಲಿ ಎತ್ತಲಾಕ ನೋಡಿದ್ಳು, ಆಗಲಿಲ್ಲ. ಆದ್ರ ದನಿ ಮಾತ್ರ ಗಟ್ಟಿ ಇತ್ತು.

"ನನ್ನ ಹೆಸರಲೆ ನೀರು ಬಂದ್ ಮಾಡ್ತಿಯೇನೋ ಹುಚ್ಚಪ್ಯಾ? ನಳಾ ಬಂದು ನನ್ನ ದಬ್ಬಿತೇನು? ಸೋರಿದ ನೀರಿಗಿ ಹೋಗ್ಲಾಕ ಹಾದಿ ಇರಲಿಲ್ಲ, ನನ್ನ ಹಾದಿಗಿ ಬಂತು. ಗಟಾರ ತೋಡಸೂದು ಬಿಟ್ಟು ಗಂಗೀನ್ನ ಕೀಳಸ್ತಾನಂತ!" ಒಂದೀಟು ದಮ್ಮು ತಗೊಂಡ್ಳು. "ಮುಂಜಾನೆಯಿಂದ ಸಂಜೀ ತನಕ ಮ್ಯಾಲಿನ ಈ ಛತ್ತ ನೋಡಕೋಂತ ಬೀಳ್ತೀನಿ. ನೀ ಅಂಗಡ್ಯಾಗ, ಸೊಸಿ ಅಡಗಿ ಮನ್ಯಾಗ. ನೀರು ಬಂದ ದಿನ ಈ ಹೆಣಮಕ್ಕಳ ಗದ್ದಲ ಕೇಳಸ್ತದ. ಯಾರಿಗಿ ಜ್ವರ ಬಂತು, ಯಾರ ಗಂಡ ಊರಿಗಿ ಬಂದ, ಯಾರ ಕೊಡ ಯಾರು ಸರಿಸಿದ್ರು. ನನಗ ಊರು ಅಂದ್ರ ಈಗ ಅದಽ ಅದನೋ. ಅದೂ ಬಂದ್ ಮಾಡಿದಿ ಅಂದ್ರ ನಾ ಯಾರ ದನಿ ಕೇಳಕೋಂತ ಬೀಳ್ಲಿ?"

ನಾನು ಸೆರಗು ಬಾಯಿಗಿ ಹಿಡದೆ. ಶಿವಪುತ್ರಣ್ಣ ನೆಲ ನೋಡಕೋಂತ ನಿಂತಿದ್ದ. ಹೊರಗ ಪಾನಾ ಕಬ್ಬಣಕ್ಕ ಬಡದ ಸಪ್ಪಳ ಬಂತು.

ಅಂವ ಓಡಿದ. ಚಪ್ಪಲಿನೂ ಮೆಟ್ಟಲಾರದ ಓಡಿದ. "ಏ, ತಡೀರಿ! ತಡೀರಿ!" ಅಂತ ಒದರಕೋಂತ ಹೋಗಿ ಗಣಪತಿ ಕೈ ಹಿಡದ.

ಗಣಪತಿ ಕಕ್ಕಾಬಿಕ್ಕಿ ಆದ. "ತಕ್ರಾರ ಕೊಟ್ಟವರು ನೀವಽ ಅಲ್ರಿ?"

"ನಾನಽ ಕೊಟ್ಟೀನಿ, ನಾನಽ ವಾಪಸ್ ತಗೋತೀನಿ. ನಿಮ್ಮ ಸಾಹೇಬರಿಗಿ ಫೋನ್ ಹಚ್ಚು."

ಫೋನ್ ಹಚ್ಚಿದ್ರು. ಸಾಹೇಬರು ಮೊದಲು ಶಿವಪುತ್ರಣ್ಣಗ ಚಲೋತ್ನಾಗ ಬೈದ್ರು ಅಂತ ಕಾಣತದ, ಅಂವ "ಹೋಯ ಸಾಹೇಬ, ಹೋಯ ಸಾಹೇಬ" ಅಂತ ಹೂಂಗುಟ್ಟಕೋತ ಬೆವರು ಒರಸಕೊಂಡ. ಆಮ್ಯಾಲ ಫೋನ್ ನನ್ನ ಕೈಗಿ ಬಂತು. "ತಾಈ, ನೀವು ಶಬ್ದ ಮುರದ್ರಿ?" ಅಂದ್ರು.

"ನಾ ಅಡ್ಡ ಬಂದಿಲ್ಲ ಸಾಹೇಬರ. ಮುಗೀತು ಅಂತ ನಾನಽ ಹೇಳೀನಿ, ನಿಮ್ಮ ಗಣಪತೀನ್ನ ಕೇಳ್ರಿ. ಅಡ್ಡ ಬಂದವರು ಬ್ಯಾರೆ ಅದಾರ. ಹಾಸಿಗಿಯೊಳಗ ಅದಾರ."

ಅದಕ್ಕ ಸಾಹೇಬರು, ರಾಡಿ ಆಗಬಾರದು, ನಳಕ್ಕ ಚಾವಿ ಇರಬೇಕು, ಮತ್ತ ಯಾರರೆ ಬಿದ್ರ ಆ ದಿನಾನ ಕೀಳಸ್ತೀನಿ ಅಂದ್ರು. ಗಟಾರಕ್ಕ ಅರ್ಜ ಕೊಡ್ರಿ ಅಂತನೂ ಹೇಳಿದ್ರು.

ಫೋನ್ ಇಟ್ಟ ಮ್ಯಾಲ ಒಂದು ಹೊಸ ಪಂಚಾಯತಿ ಬಂತು. ಕಲಸಿದ ಸಿಮೆಂಟ್! ನಾವು ಪೂಜಿ ಮಾಡೂ ತನಕ ಆ ಪುಣ್ಯಾತ್ಮ ಪೂರಾ ಕಲಸಿ ಇಟ್ಟಿದ್ದ. "ಇದನ್ನ ವಾಪಸ್ ಒಯ್ಯಲಾಕ ಬರಂಗಿಲ್ರಿ, ಕಲ್ಲಾಗ್ತದ" ಅಂದ ಗಣಪತಿ. ಯಾರು ಮೊದಲು ಅಂದ್ರು ಗೊತ್ತಿಲ್ಲ, ಎಲ್ಲಾರ ಬಾಯಾಗೂ ಕಟ್ಟಿ ಕಟ್ಟೂಣು ಅಂತ ಒಂದಽ ಮಾತು ಬಂತು. ಖೋಲಿ ಹೆಣಮಕ್ಕಳು ಫರಸಿಕಲ್ಲಿನ ತುಂಡು ತಂದ್ರು. ಸಲಿಕಿ ಶಿವಪುತ್ರಣ್ಣನ ಕೈಯಾಗ ಇತ್ತು, ಅಂಗಡಿಗಿ ಅಂತ ಹಾಕೊಂಡ ಬಿಳಿ ಅಂಗೀ ಮ್ಯಾಲನ. ನೀರು ಹರಿಯೂ ಹಾದಿ ತೋಡಿದ. ನಳ ಮುಚ್ಚಲಾಕ ಬಂದ ಸಿಮೆಂಟಿನ್ಯಾಗ ನಳದ ಕೆಳಗ ಒಂದು ಕಟ್ಟಿ, ಮುಂದ ಒಂದೀಟು ಗಟಾರ ಆತು. ಗಣಪತಿ ಕೈಲೆ ಸವರಿ ಸವರಿ ಸಾಪ ಮಾಡಿದ. "ನಮ್ಮ ಮನಿದೂ ಇಷ್ಟು ಚಲೋ ಮಾಡಿಲ್ಲ" ಅಂತ ನಗತಿದ್ದ. ಗಲ್ಲಿಯವರು ಒಬ್ಬೊಬ್ರಾಗಿ ಹೊರಗ ಬಂದ್ರು. ನನಗ ಉಸಾಬರಿ ಅಂದಾಕೀನೂ ಒಂದು ಬುಟ್ಟಿ ಖಡಿಕಲ್ಲು ತಂದು ಸುರುವಿದ್ಳು. ನಾನು ಆಕಿ ಮಾರಿ ನೋಡಿದೆ. ಆಕಿಗಿ ಅಷ್ಟ ಸಾಕಾತು.

ಹೊಸ ಚಾವಿ ಸಂಜೀಕ ಶಿವಪುತ್ರಣ್ಣನ ತಂದು ಕೂಡ್ರಿಸಿದ. ಮಾಯವ್ವ ಖೋಲಿ ಬಿಡಲಿಲ್ಲ. ಲಗಮವ್ವ ಕೂಸಿನ ತೊಟ್ಟಲಾ ಅದಽ ಪತ್ರಾದ ಕೆಳಗ ಕಟ್ಟಿ, ಬಾಣಂತನ ಮುಗಿಸಿಕೊಂಡೇ ಗಂಡನ ಮನಿಗಿ ಹೋದ್ಳು.

ಇಷ್ಟಾದ್ರ ಎಲ್ಲಾ ಬರೋಬರಿ ಆತು ಅನ್ಕೋಬ್ಯಾಡ್ರಿ. ಮುಂದಿನ ಗಟಾರಕ್ಕ ಅರ್ಜ ಕೊಟ್ಟು, ಪಿಶವಿ ತಗೊಂಡು ಆ ಬಾಕಿನ ಮ್ಯಾಲ ನಾ ಎಷ್ಟು ಬ್ಲೌಸಿಗಿ ಹುಕ್ಕು ಹಚ್ಚೀನೋ! ಈ ಸಲ ಒಬ್ಬಾಕಿ ಅಲ್ಲ, ಶಿವಪುತ್ರಣ್ಣನೂ ಅಂಗಡಿ ಮುಚ್ಚಿ ಮಗ್ಗಲದಾಗ ಬಂದು ಕೂಡತಿದ್ದ. ಅಂವ ಸುಮ್ಮ ಕೂಡಾಂವ ಅಲ್ಲ, ಸೂಜ್ಯಾಗ ದಾರ ಪೋಣಿಸಿ ಕೊಡು ಅಂತ ಕೆಲಸ ಹಚ್ಚತಿದ್ದೆ. ಮಳಿಗಾಲದ ಮೊದಲು ಗಟಾರ ಆತು. ನೀರು ಈಗೂ ದಿನಾ ಬರೂದಿಲ್ಲ.

ಗಟ್ಟಿ ಬಾಯಿ ಇದ್ರ ಸಾಕು, ಏನಾರೆ ಮಾಡಿಸಬಹುದು ಅಂತ ನಾನು ತಿಳದಿದ್ದೆ. ಬಾಯಿ ಬೇಕ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಕಚೇರಿಗಿ ಹೋಗೂ ಮೊದಲು ಎದುರು ಮನಿ ಹೊಸ್ತಲ ದಾಟಿ, ಒಳಗ ಮಲಗಿದಾಕಿಗಿ ಹೆಂಗದಿ ಅಂತ ಕೇಳಿದ್ರ ಇಷ್ಟು ಓಡಾಟನ ಇರತಿರಲಿಲ್ಲ. ಆ ಬುದ್ಧಿ ನನಗ ಬರಲಿಲ್ಲ, ಮಾಯವ್ವಗ ಬಂತು.

ಈಗ ಗುರವ್ವಾಯಿ ಮಂಚ ಕಿಡಕಿಗಿ ಹಚ್ಚಿ ಹಾಕ್ಯಾರ. ಕಿಡಕಿ ತೆರದೇ ಇರ್ತದ, ಸೊಳ್ಳಿಗಿ ಜಾಳಗಿ ಬಡದಾರ. ಯಾರ ಪಾಳಿ, ಯಾರ ಕೊಡ ಅನ್ನೂ ತಂಟೆ ಎಲ್ಲಾ ಅಲ್ಲಿಂದನ ಮುಗಸ್ತಾಳ, ಆಕಿ ಹೇಳಿದ ಮ್ಯಾಲ ಯಾರೂ ಎದುರು ಮಾತಾಡಂಗಿಲ್ಲ. ಹೋದ ವಾರ ನೀರು ಬಂದಾಗ ಯಾಕೋ ಎಲ್ಲಾರೂ ತಮ್ಮ ತಮ್ಮ ಪಾಳಿಲೆ ಸುಮ್ಮ ತುಂಬಕೊಂಡು ಹೊಂಟಿದ್ರು. ನಾನು ಆಯಿಗಿ ರೊಟ್ಟಿ ಕೊಡ್ಲಾಕ ಹೋಗಿದ್ದೆ. ಆಕಿ ಒಂದೀಟು ಹೊತ್ತು ಕಿವಿ ಕೊಟ್ಟು ಕೇಳಿದ್ಳು. ಆಮ್ಯಾಲ ಜಾಳಗಿಗಿ ಬಾಯಿ ಹಚ್ಚಿ ಒದರಿದ್ಳು:

"ಯಾಕ್ರೇ, ಇವತ್ತ ಎಲ್ಲಾರ ಬಾಯೂ ಬಿದ್ದು ಹೋಗ್ಯಾವೇನು? ಒಂದೀಟು ಜಗಳಾನರೆ ಆಡ್ರೇ!"